ಕೆರೆ ಏರಿಯ ಗರುಡ

ಹೊಸ ಕ್ಯಾಲೆಂಡರಿನ ಜನವರಿ ಹಾಳೆಯಲ್ಲಿ ಯಾವುದೋ ಪರದೇಶದ ಕೆರೆ, ದಡದ ಬೋಳು ಮರದ ಮೇಲೆ ಬಿಳಿ ತಲೆಯ ಹದ್ದು. ಗರುಡನೆಂದು ಕೈ ತಾನಾಗಿ ಕೆನ್ನೆಗೆ ಹೋಯಿತು. ಮರುಕ್ಷಣ ಎದುರುಮನೆಯ ಮೇಷ್ಟ್ರು ನೆನಪಾದರು... ಮುಖ ತಿರುಗಿಸಿಕೊಂಡೆ.

ಐವತ್ತರ ದಶಕದ ಕೊನೆಯ ಮಾತು. ಕುಪ್ಪಗಡ್ಡೆಯಿಂದ ಶಿಕಾರಿಪುರಕ್ಕೆ ನಾನು ಸೊಸೆಯಾಗಿ ಬಂದ ಹೊಸತು. ನಮ್ಮತ್ತೆಗೆ ಶನಿವಾರ ಗರುಡನನ್ನು ಕಾಣದೆ ತುತ್ತು ಇಳಿಯುತ್ತಿರಲಿಲ್ಲ. ನನಗೂ ಅದೇ ಕಟ್ಟಳೆಯಾಯಿತು. ಚಳಿಗಾಲದಲ್ಲಿ ಕೆರೆಯ ಮೇಲೆ ಅವು ಸುತ್ತುತ್ತಿದ್ದವು. ಬಿಳಿ ತಲೆ, ಬಿಳಿ ಎದೆ, ಇಟ್ಟಿಗೆ ಬಣ್ಣದ ರೆಕ್ಕೆ. ನಾವು ಏರಿಗೆ ಹೊರಟರೆ ಮೇಷ್ಟ್ರು ಜಗಲಿಯಿಂದಲೇ ಕೆಣಕುವರು.

"ಎದೆ ಮ್ಯಾಲೆ ಲಿಂಗ ಐತಿ ನಮಗೆ. ಹದ್ದು ಹುಡುಕ್ಕೊಂಡು ಮುಗಿಲು ನೋಡೋ ಕೆಲಸ ಇಲ್ಲ ನೋಡ್ರಿ, ತಂಗಿ."

ಅತ್ತೆ ಗೊಣಗುತ್ತಿದ್ದರು, ನಾನು ಬಾಯಿಗೆ ಸೆರಗು ಹಿಡಿದು ನಗುತ್ತಿದ್ದೆ. ಮೇಷ್ಟ್ರ ತುಂಬು ಬಸುರಿ ಹೆಂಡತಿಯೂ ಬಾಗಿಲಲ್ಲಿ ನಿಂತು ನಗುತ್ತಿದ್ದಳು.

ಹೆರಿಗೆಯಾಯಿತು. ಮಗು ಗಟ್ಟಿಯಾಗಿತ್ತು, ಬಾಣಂತಿಗೆ ಜ್ವರ ಹಿಡಿಯಿತು. ಡಾಕ್ಟರು ಕೈಚೆಲ್ಲಿದರೆಂದು ಬೀದಿಗೆಲ್ಲ ಗೊತ್ತಾಯಿತು. ಆ ಶನಿವಾರ ಅತ್ತೆಗೆ ಹುಷಾರಿರಲಿಲ್ಲ, ನಾನೊಬ್ಬಳೇ ಏರಿಗೆ ಹೋದೆ. ನೋಡಿದರೆ ಹುಣಸೆಮರದ ಮರೆಯಲ್ಲಿ ಮೇಷ್ಟ್ರು. ಕೊರಳ ಲಿಂಗವನ್ನು ಒಂದು ಕೈಯಲ್ಲಿ ಬಿಗಿಹಿಡಿದು ಮುಗಿಲು ನೋಡುತ್ತ ನಿಂತಿದ್ದರು. ನನ್ನನ್ನು ಕಂಡದ್ದೇ ಮುಖ ಕಪ್ಪಿಟ್ಟಿತು.

"ಸುಮ್ನೆ... ಗಾಳಿಗೆ ಬಂದಿದ್ದೆ," ಎಂದು ತಲೆ ತಗ್ಗಿಸಿದರು.

ಅದೇ ಗಳಿಗೆಗೆ ಗರುಡ ಬಂತು. ನೀರಿನ ಮೇಲೆ ಒಂದು ಸುತ್ತು, ಅವರ ನೆತ್ತಿಯ ಮೇಲೆ ಇನ್ನೊಂದು. ಅವರು ತಮ್ಮ ಚಪ್ಪಲಿ ನೋಡುತ್ತಿದ್ದರು. ನಾನು ‘ಅಗೋ’ ಎಂದಿದ್ದರೆ ಸಾಕಿತ್ತು. ಆದರೆ ಅವರು ಬಂದದ್ದು ಯಾಕೆಂದು ನನಗೆ ಗೊತ್ತಾಗಿದೆಯೆಂದು ಅವರಿಗೆ ತಿಳಿದುಬಿಡುತ್ತದಲ್ಲ... ಅವರ ನಾಚಿಕೆಗೆ ನಾನೂ ನಾಚಿ ಸುಮ್ಮನೆ ನಿಂತೆ. ಕೈ ಕೂಡ ಮುಗಿಯಲಿಲ್ಲ. ಹಕ್ಕಿ ಸೊರಬದ ಕಡೆ ಹಾರಿಹೋಯಿತು.

ಮನೆಗೆ ಬಂದು ಅತ್ತೆಗೆ ಗರುಡ ಕಂಡಿತೆಂದೆ. ನನ್ನ ಮಾತಿನ ಮೇಲೆ ಅವರು ಉಂಡರು, ನಾನೂ ಉಂಡೆ. ಮೇಷ್ಟ್ರು ಕತ್ತಲಾದ ಮೇಲೆ ಏರಿಯಿಂದ ಬಂದರು. ಸೋಮವಾರ ಬಾಣಂತಿ ಹೋಗಿಬಿಟ್ಟಳು.

ಆಮೇಲೆ ಅವರು ನಮ್ಮನ್ನು ಕೆಣಕಲಿಲ್ಲ. ಎಷ್ಟೋ ದಿನದ ಮೇಲೆ, ಮಗುವನ್ನು ಹೆಗಲಿಗೆ ಹಾಕಿಕೊಂಡು ಜಗಲಿಯಲ್ಲಿ ನಿಂತವರು, ತಾವಾಗಿಯೇ ಮಾತೆತ್ತಿದರು.

"ಆವತ್ತು ಒಂದೂ ಬರಲಿಲ್ಲ ಅಲ್ರಿ, ತಂಗಿ?"

"ಇಲ್ಲ ರೀ," ಎಂದೆ.

ಮೇಷ್ಟ್ರು ತೀರಿಕೊಂಡು ಎಷ್ಟೋ ವರ್ಷವಾಯಿತು. ಆಯುಸ್ಸು ಮುಗಿದವರನ್ನು ಹಕ್ಕಿ ಉಳಿಸೀತೇ ಎಂದು ಈಗ ಸಮಾಧಾನ ಹೇಳಿಕೊಳ್ಳುತ್ತೇನೆ. ಆದರೆ ಆವತ್ತು ನಾನು ನಂಬಿದ್ದೆ. ನಂಬಿಯೂ ಬಾಯಿ ಬಿಡಲಿಲ್ಲ. ಅದೇ ಈಗಿನ ನನ್ನ ನಾಚಿಕೆ. ಜನವರಿ ಮುಗಿಯುವ ಮೊದಲೇ ಆ ಹಾಳೆ ಮಗುಚಿಬಿಟ್ಟೆ.