ಗದ್ದಲದ ಕೆಟ್ಲಿ

ಈ ಬೆಳಿಗ್ಗೆ ಮತ್ತೆ ಅದೇ ಆಯಿತು. ಕರೆಂಟಿನ ಕೆಟ್ಲಿಯ ಗುಂಡಿ ಒತ್ತಿ ಪತ್ರಿಕೆ ಬಿಡಿಸಿಕೊಂಡು ಕೂತೆ. ನೀರು ಕುದಿದು, ಕೆಟ್ಲಿ ತಾನಾಗಿಯೇ ಬಂದ್ ಆಗಿ, ನೀರು ಮತ್ತೆ ತಣ್ಣಗಾಗುವ ಹಾದಿ ಹಿಡಿದಿದ್ದರೂ ನನಗೆ ಅದರ ಪರಿವೆಯಿಲ್ಲ.

"ಅದು ಬಂದ್ ಆಗಿ ಎಷ್ಟೊತ್ತಾತ್ರಿ! ಟಕ್ ಅಂದದ್ದು ಕೇಳಸಲಿಲ್ಲೇನು?" ಎಂದು ನನ್ನ ಹೆಂಡತಿ ಸುಮಾ ಒಳಗಿನಿಂದ ಬಂದು ಕೇಳಿದಳು. ಆ ಪ್ರಶ್ನೆಯನ್ನೂ ಅವಳು ಎರಡು ಸಲ ಕೇಳಬೇಕಾಯಿತು. ಹೈದರಾಬಾದಿನ ಜೀಡಿಮೆಟ್ಲಾದ ಔಷಧ ಕಾರ್ಖಾನೆಯಲ್ಲಿ ಯಂತ್ರಗಳ ನಡುವೆ ಉದ್ಯೋಗವೆಲ್ಲ ಮುಗಿಸಿದವನು ನಾನು. ನಿವೃತ್ತಿಯ ದಿನ ನನಗೊಂದು ಶಾಲು ಹೊದಿಸಿ ಕಳಿಸಿದರು. ಕಿವಿಗಳು ಮಾತ್ರ ಅಲ್ಲೇ ಉಳಿದವು.

"ದೀಪ ಹತ್ತೋ ಕೆಟ್ಲಿ ತರೂಣು. ಕುದಿಯೂತನಾ ನೀಲಿ ದೀಪ ಇರತೈತಂತ, ಕುದ್ದ ಮ್ಯಾಲ ಆರತೈತಂತ. ನಿಮಗ ಅದ ಚಲೋ," ಎಂದಳು ಸುಮಾ.

ನೀಲಿ ದೀಪ ಎಂದದ್ದೇ ತಡ, ನನಗೆ ನಗು ಬಂತು. ಅವಳಿಗೂ ಬಂತು. ಅಂಗಡಿಗೆ ಹೊರಡುವುದು ಸಂಜೆಗೆ. ನಿಮಗೂ ಅವಸರವಿಲ್ಲದಿದ್ದರೆ ಕೂತುಕೊಳ್ಳಿ, ಆ ನಗು ಎಲ್ಲಿಂದ ಬಂತೆಂದು ಹೇಳುತ್ತೇನೆ. ಹೇಳುವುದು ನಗುವ ಮಾತಿನಿಂದ ಶುರುವಾದರೂ, ನನ್ನ ಜೀವನದಲ್ಲಿ ನಾನು ನಿಜವಾಗಿ ಬೆರಗಾಗಿ ನಿಂತ ಒಂದು ಬೆಳಿಗ್ಗೆಯ ವಿಷಯ ಅದು.

ಆಗ ನಾವು ಉಪ್ಪಲ್‌ನ ಈ ಫ್ಲಾಟಿಗೆ ಬಂದಿರಲಿಲ್ಲ. ಹಿಮಾಯತ್‌ನಗರದ ಒಂದು ಹಳೆಯ ಮನೆಯಲ್ಲಿ ಬಾಡಿಗೆಗಿದ್ದೆವು. ಊರು ಇನ್ನೂ ಆಂಧ್ರಪ್ರದೇಶಕ್ಕೆಲ್ಲ ರಾಜಧಾನಿ. ನಮ್ಮ ಬೀದಿಯಲ್ಲಿ ತೆಲುಗು, ಉರ್ದು, ಮನೆಯೊಳಗೆ ವಿಜಾಪುರದ ಕಡೆಯ ನಮ್ಮ ಕನ್ನಡ. ನಮ್ಮೊಂದಿಗೆ ಅಪ್ಪನ ತಂಗಿ ನೀಲತ್ತಿ ಇದ್ದಳು. ಮದುವೆಯಾಗದೆ ಉಳಿದವಳು. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಟ್ರಂಕ್ ಕಾಲ್ ಜೋಡಿಸುವ ಆಪರೇಟರ್ ಆಗಿ ದುಡಿದು ನಿವೃತ್ತಳಾಗಿದ್ದಳು. ಕಿವಿಗೆ ಹೆಡ್‌ಫೋನ್ ಏರಿಸಿಕೊಂಡು ಸೊಲ್ಲಾಪುರದವರನ್ನು ವಿಜಯವಾಡದವರಿಗೂ ಗುಲಬರ್ಗಾದವರನ್ನು ಸಿಕಂದರಾಬಾದಿನವರಿಗೂ ಕೂಡಿಸಿದ ಹೆಂಗಸು. ಐದು ಭಾಷೆಯಲ್ಲಿ ಜಗಳವಾಡಬಲ್ಲವಳು. ಫೋನೆತ್ತಿದವರು ಬಾಯಿ ತೆರೆಯುವ ಮುಂಚೆಯೇ, ಅವರ ಉಸಿರಿನ ಮೇಲೆ ಒಳ್ಳೆ ಸುದ್ದಿಯೋ ಕೆಟ್ಟ ಸುದ್ದಿಯೋ ಗೊತ್ತಾಗುತ್ತಿತ್ತು ಎನ್ನುತ್ತಿದ್ದಳು. ಇದನ್ನು ನಾನು ಬಡಾಯಿ ಎಂದೇ ತಿಳಿದಿದ್ದೆ. ಅತ್ತಿಯಂದಿರ ಬಡಾಯಿಗೆ ತಲೆಯಾಡಿಸುವುದು ಸೋದರಳಿಯಂದಿರ ಕರ್ತವ್ಯ ತಾನೆ.

ನೀಲತ್ತಿಗೆ ಚಹಾ ಎಂದರೆ ಜೀವ. ರಾತ್ರಿ ಪಾಳಿ ಮುಗಿಸಿ ಬರುವಾಗ ಇರಾನಿ ಹೋಟೆಲಿನ ಪರದೆ ಹಾಕಿದ ಫ್ಯಾಮಿಲಿ ರೂಮಿನಲ್ಲಿ ಒಬ್ಬಳೇ ಕೂತು ಚಹಾ ಕುಡಿಯುತ್ತಿದ್ದಳಂತೆ. ಆ ಕಾಲಕ್ಕೆ ಅದೊಂದು ಸುದ್ದಿ. ನಮ್ಮ ಸಂಬಂಧಿಕರು ಅದನ್ನು ವಿಜಾಪುರದವರೆಗೆ ಟ್ರಂಕ್ ಕಾಲ್ ಇಲ್ಲದೆಯೇ ಮುಟ್ಟಿಸಿದ್ದರು. ನಿವೃತ್ತಿಯ ನಂತರವೂ ಮನೆಯಲ್ಲಿ ಎಲ್ಲರಿಗಿಂತ ಮೊದಲು ಎದ್ದು, ತನ್ನ ಮೊದಲ ಚಹಾ ತಾನೇ ಮಾಡಿಕೊಂಡು, ಕಪ್ಪಿನ ಕೆಳಗಿನ ಬಸಿಗೆ ಸುರಿದು ಸುರ್ರೆಂದು ಕುಡಿಯುತ್ತಿದ್ದಳು. ಆ ಸುರ್ ಸದ್ದೇ ನಮಗೆ ಅಲಾರಾಂ.

ಹೀಗಿರುವಾಗ ಅವಳ ಕಣ್ಣು ಮಂಜಾಗುತ್ತ ಬಂತು. ಕಣ್ಣಿನ ನರ ಒಣಗುತ್ತಿದೆ, ಹೋದದ್ದು ಮರಳಿ ಬರುವುದಿಲ್ಲ ಎಂದರು ಡಾಕ್ಟರು. ಆಮೇಲಾಮೇಲೆ ಬೆಳಕು ಯಾವುದು, ಕತ್ತಲೆ ಯಾವುದು ಎಂಬಷ್ಟೇ ತಿಳಿಯುತ್ತಿತ್ತು. ಆದರೂ ಚಹಾ ಬಿಡಲಿಲ್ಲ. ಒಂದು ದಿನ ಸುಮಾ ಬಟ್ಟೆ ಒಣಹಾಕುವಾಗ ಅತ್ತಿಯ ಸೀರೆಯ ಸೆರಗಿನಲ್ಲಿ ಅಂಗೈಯಗಲದ ಸುಟ್ಟ ತೂತು ಕಂಡಳು. ಗ್ಯಾಸ್ ಒಲೆಗೆ ಸೆರಗು ತಾಗಿದ್ದನ್ನು ಅತ್ತಿ ನಮಗೆ ಹೇಳಿಯೇ ಇರಲಿಲ್ಲ. ಅಂದಿನಿಂದ ಲೈಟರು ಅಡುಗೆಮನೆಯಿಂದ ಮಾಯವಾಯಿತು.

"ನೀವ ಒಲಿ ಹತ್ರ ಹೋಗಬ್ಯಾಡ್ರಿ ಅತ್ತೀ. ಎದ್ದ ಕೂಡ್ಲೆ ನಾ ಮಾಡಿ ಕೊಡ್ತೀನಿ," ಎಂದಳು ಸುಮಾ.

ಕೊಟ್ಟಳು ಕೂಡ. ಶುಂಠಿ ಜಜ್ಜಿ, ಏಲಕ್ಕಿ ಹಾಕಿ, ನನಗೆಂದೂ ಸಿಗದಂಥ ಚಹಾ. ಅತ್ತಿ ಅರ್ಧ ಕುಡಿದು ಕಪ್ಪು ಕೆಳಗಿಡುತ್ತಿದ್ದಳು. ಬಸಿ ಮುಟ್ಟುತ್ತಿರಲಿಲ್ಲ. ಬೆಳಗಾಗುವ ಮುಂಚೆ ಎದ್ದು, ಮಂಚದ ಮೇಲೆ ಕಾಲು ಇಳಿಬಿಟ್ಟು, ನಾವು ಏಳುವುದನ್ನೇ ಕಾಯುತ್ತ ಸುಮ್ಮನೆ ಕೂತಿರುತ್ತಿದ್ದಳು. ಐದು ಭಾಷೆಯ ಹೆಂಗಸು ಒಂದರಲ್ಲೂ ಮಾತಾಡದಾದಳು. ಕೊನೆಗೆ ನಾನೇ ಕೇಳಿದೆ, ಚಹಾ ಚೆನ್ನಾಗಿಲ್ಲವೇ ಎಂದು.

"ಚಾ ಭಾಳ ಚಲೋ ಐತಿ. ಸುಮಾನ ಕೈ ಬಂಗಾರದ್ದು," ಎಂದಳು. ಕಪ್ಪನ್ನು ದೂರ ಸರಿಸಿ, "ಆದರ ತಮ್ಮಾ, ಮಂದಿ ಕೊಟ್ಟಾಗ ಕುಡಿಯೂದು ಔಷಧ. ನಾ ದುಡದೀನಿ, ನನ್ನ ಪಾಡಿಗೆ ನಾ ಇದ್ದೀನಿ. ಈಗ ನಂದು ಅಂಬೂದು ಆ ಒಂದ ಕಪ್ಪ ಚಾ ಇತ್ತು. ಅದೂ ಹೋದರ ನಾ ಇಲ್ಲಿ ಕುಂತ ಮೂಟಿ," ಎಂದಳು.

ಮೂಟೆ ಎಂಬ ಮಾತು ನನ್ನ ಎದೆಗೆ ನಾಟಿತು. ಮರುದಿನವೇ ಕೋಠಿಯ ಟ್ರೂಪ್ ಬಜಾರಿಗೆ ಹೋದೆ. ಕರೆಂಟಿನ ಸಾಮಾನೆಲ್ಲ ಸಿಗುವ ಬೀದಿ ಅದು. ಬೆಂಕಿಯಿಲ್ಲದೆ ನೀರು ಕಾಯಿಸಿ, ಕುದಿದೊಡನೆ ತಾನೇ ಆರಿಹೋಗುವ ಕೆಟ್ಲಿಗಳು ಆಗ ಹೊಸದಾಗಿ ಬಂದಿದ್ದವು. ನಾನು ರಸಾಯನಶಾಸ್ತ್ರದ ಪದವೀಧರ. ಕಾರ್ಖಾನೆಯಲ್ಲಿ ದೊಡ್ಡ ದೊಡ್ಡ ಪಾತ್ರೆಗಳಲ್ಲಿ ಏನೇನೋ ಕುದಿಸುವವನು. ಒಂದು ಕೆಟ್ಲಿ ಆರಿಸುವುದು ನನಗೇನು ಮಹಾ? ಅಂಗಡಿಯಲ್ಲಿದ್ದವುಗಳಲ್ಲೇ ದುಬಾರಿಯದನ್ನು ತಂದೆ. ಇದ್ದೂ ಇಲ್ಲದಂತೆ ಮೌನವಾಗಿ ಕುದಿಸುತ್ತದೆ, ಕುದಿಯುವಾಗ ನೀಲಿ ದೀಪ ಬೆಳಗುತ್ತದೆ. ಕಣ್ಣಿಲ್ಲದವಳಿಗೆ ನೀಲಿ ದೀಪ ತಂದ ಜಾಣ ನಾನು. ಇದು ನನಗೆ ಹೊಳೆದದ್ದು ಬಹಳ ತಡವಾಗಿ. ಅಷ್ಟರಲ್ಲಿ ಇನ್ನೂ ದೊಡ್ಡ ಜಾಣತನ ನಡೆದುಹೋಗಿತ್ತು.

ನಮ್ಮವರಿಗೆ ಚಹಾ ಎಂದರೆ ಕುದಿಯಬೇಕು. ನೀರು, ಹಾಲು, ಸಕ್ಕರೆ, ಪುಡಿ ಎಲ್ಲ ಕೂಡಿ ಬೋಗುಣಿಯಲ್ಲಿ ಎರಡು ಸಲ ಮೇಲೆದ್ದು ಬಿದ್ದರೇನೇ ಅದು ಚಹಾ. ಇಲ್ಲದಿದ್ದರೆ ಬಣ್ಣದ ನೀರು. ಕುದಿಸುವ ಯಂತ್ರ ಮನೆಗೆ ಬಂದ ಮೇಲೆ ಬರೀ ನೀರೇಕೆ ಕುದಿಸಬೇಕು ಎಂದು ನಾನು ಎಲ್ಲವನ್ನೂ ಅದರೊಳಗೇ ಸುರಿದು, ಮುಚ್ಚಳ ಹಾಕಿ, ಅತ್ತಿಯನ್ನು ಕುರ್ಚಿಯಲ್ಲಿ ಕೂಡಿಸಿ, ಗುಂಡಿ ಒತ್ತಿದೆ. ಕೆಟ್ಲಿ ತುಟಿಪಿಟಕ್ಕೆನ್ನಲಿಲ್ಲ. ಆಮೇಲೆ ಒಮ್ಮೆಲೇ ಮೂತಿಯಿಂದ, ಮುಚ್ಚಳದಿಂದ ಹಾಲು ಉಕ್ಕಿ ಕಟ್ಟೆಯ ಮೇಲೆಲ್ಲ ಹರಿಯಿತು. ಕೆಟ್ಲಿಯ ಬುಡಕ್ಕೂ ಇಳಿಯಿತು. ನೀಲಿ ದೀಪ ಒಮ್ಮೆ ಮಿನುಗಿ ಶಾಶ್ವತವಾಗಿ ಕಣ್ಣು ಮುಚ್ಚಿತು.

"ಫ್ಯಾಕ್ಟರಿಯಾಗೂ ಹಿಂಗ ಮಾಡ್ತೀರೇನ್ರಿ?" ಎಂದಳು ಸುಮಾ, ಒರೆಸುವ ಬಟ್ಟೆ ಹುಡುಕುತ್ತ.

ಎಷ್ಟೋ ದಿನಗಳ ಮೇಲೆ ಅತ್ತಿ ನಕ್ಕಳು. ಬಾಯಿಗೆ ಸೆರಗು ಹಿಡಿದು ಮೈಯೆಲ್ಲ ಕುಲುಕಿಸಿ ನಕ್ಕಳು. ನಕ್ಕು ಮುಗಿದ ಮೇಲೆ ಹೇಳಿದಳು: "ಉಕ್ಕೂ ಮುಂದ ಒಂದ ಮಾತರೆ ಆಡತೇನದು? ಮೂಕಬಸವ! ಅಂಥಾದ್ದನ್ನ ನಾ ನಂಬಾಂಗಿಲ್ಲ. ನಾಳೆ ನನ್ನ ಕರಕೊಂಡ ಹೋಗು. ಕೆಟ್ಲಿ ನಾ ಆರಸ್ತೀನಿ."

"ನೀ ಹೆಂಗ ಆರಸ್ತಿ ಅತ್ತೀ?" ಎಂದುಬಿಟ್ಟೆ.

"ಕೇಳಿ," ಎಂದಳು.

ಮರುದಿನ ಆಟೋದಲ್ಲಿ ಟ್ರೂಪ್ ಬಜಾರಿಗೆ ಹೋದೆವು. ಅಂಗಡಿಯ ಯಜಮಾನರು ಬಿಳಿ ಗಡ್ಡದ ಸಾಹೇಬರು, ಸೌಮ್ಯ ಮನುಷ್ಯ. ಅತ್ತಿಗೆ ಸ್ಟೂಲು ಹಾಕಿಸಿ, ನಾನು ಮೊದಲು ಕೊಂಡಿದ್ದಂಥದನ್ನೇ ಮುಂದೆ ತಂದಿಟ್ಟರು. "ಅಮ್ಮಾ, ಯೇ ದೇಖೋ. ಏಕ್‌ದಂ ಖಾಮೋಷ್," ಎಂದು ಅದರ ಮೌನವನ್ನೇ ಹೊಗಳಿದರು.

"ದೇಖೂಂ ಕೈಸೇ ಭಾಯ್? ಸುನಾವ್," ಎಂದಳು ಅತ್ತಿ.

ನೋಡಲಾರೆ, ಕೇಳಿಸು ಎಂದ ಮಾತಿಗೆ ಸಾಹೇಬರು ಆಗ ಅವಳ ಕಣ್ಣುಗಳತ್ತ ನೋಡಿದರು. ಮಾರುವ ಕೆಟ್ಲಿಗೆ ನೀರು ತಾಗಿಸಿದರೆ ಅದು ಹೊಸದಾಗಿ ಉಳಿಯುವುದಿಲ್ಲ ಎಂಬ ವ್ಯಾಪಾರದ ಮಾತನ್ನೂ ಆಡಲಿಲ್ಲ. ನೀರು ತರಿಸಿ, ಒಂದಾದ ಮೇಲೊಂದು ಕೆಟ್ಲಿ ತುಂಬಿ, ಗುಂಡಿ ಒತ್ತುತ್ತ ಹೋದರು.

ಅತ್ತಿ ತಲೆ ಒಂದು ಕಡೆ ವಾಲಿಸಿ ಕೂತಳು. ಹೆಡ್‌ಫೋನ್ ಹಾಕಿಕೊಂಡು ಅವಳು ಹೀಗೆಯೇ ಕೂರುತ್ತಿದ್ದಿರಬೇಕು. ಮೊದಲಿನದಕ್ಕೆ "ನಕ್ಕೋ" ಎಂದಳು, ಬೇಡವೆಂದು. ಎರಡನೆಯದು ಸುಮ್ಮನೆ ಗೊಣಗುತ್ತದೆ ಎಂದಳು. ಆಮೇಲೆ ಕೆಳಗಿನ ಹಲಗೆಯಿಂದ ದಪ್ಪ ಸ್ಟೀಲಿನ, ಅಂದಚಂದವಿಲ್ಲದ ಒಂದು ಕೆಟ್ಲಿ ಬಂತು. ಗುಂಡಿ ಒತ್ತಿದ ಸ್ವಲ್ಪ ಹೊತ್ತಿಗೇ ಅದು ಸುಯ್ಯೆಂದಿತು, ಆಮೇಲೆ ಗುರ್ರೆಂದಿತು, ಆಮೇಲಂತೂ ಲಾರಿಯೊಂದು ಅಂಗಡಿಯೊಳಗೇ ಬಂದಹಾಗೆ ಗದ್ದಲ. ಬಲ್ಬು ಕೊಳ್ಳಲು ಬಂದವರು, ವೈರು ಅಳೆಯುತ್ತಿದ್ದವರು ಎಲ್ಲ ತಿರುಗಿ ನೋಡಿದರು. ಗದ್ದಲ ಏರಿ, ಇದ್ದಕ್ಕಿದ್ದಂತೆ ತಗ್ಗಿತು. ತಗ್ಗಿದ್ದೇ ಅತ್ತಿ ಬೆರಳು ಮೇಲೆತ್ತಿ, "ಆಗಯಾ," ಎಂದಳು, ಕುದಿ ಬಂತೆಂದು. ಅವಳ ಮಾತು ಮುಗಿದ ಮೇಲೆ ಕೆಟ್ಲಿ ಟಕ್ಕೆಂದು ಆರಿತು.

ಸಾಹೇಬರಿಗೆ ನಂಬಿಕೆಯಾಗಲಿಲ್ಲ. ಮತ್ತೆ ತಣ್ಣೀರು ಹಾಕಿದರು. ಮತ್ತೆ ಬೆರಳು, ಮತ್ತೆ ಆಮೇಲೆ ಟಕ್.

ಅತ್ತಿ ನನಗೆ ಹೇಳಿದಳು: "ಮೊದಲ ಸುಯ್ ಅಂತೈತಿ. ಆಮ್ಯಾಲ ಚೀರಾಡತೈತಿ. ಚೀರೂದು ನಿಂತ್ರ ಕುದ್ದೈತಿ ಅಂತ ತಿಳಕೋ. ಟ್ರಂಕ್ ಕಾಲಿನ್ಯಾಗ ಲೈನ್ ಕೂಡೂತನಾ ಎರಡೂ ಕಡೆ ಹಲೋ ಹಲೋ ಅಂತ ಒದರತಾರ. ಕೂಡಿದ ಮ್ಯಾಲ ಸಮಾಧಾನದಿಂದ ಮಾತಾಡತಾರ. ನೀರೂ ಹಂಗ."

ನಾನು ದಿನವೂ ಕುದಿಯುವುದನ್ನು ನೋಡುತ್ತಿದ್ದವನು. ಕುದಿಯುವ ಮುಂಚಿನ ಆ ಮೌನ ನನ್ನ ಕಿವಿಗೆ ಬಿದ್ದೇ ಇರಲಿಲ್ಲ. "ಬೇಚ್ತೇ ರಹೇ ಅಮ್ಮಾ, ಸುನೇಚ್ ನೈ," ಎಂದರು ಸಾಹೇಬರು. ಇಷ್ಟು ದಿನ ಮಾರಿದೆವು, ಕೇಳಲೇ ಇಲ್ಲ ಎಂದು. ಆ ಗದ್ದಲದ ಕೆಟ್ಲಿಯನ್ನು ತಾವೇ ಒರೆಸಿ ಅವಳ ಮಡಿಲಿಗಿಟ್ಟರು.

ಮನೆಗೆ ಬಂದಾಗ, ಇದರಲ್ಲಿ ಬರೀ ನೀರು ಕುದಿಸಿದರೆ ಹಾಲಿನ ಗತಿಯೇನು ಎಂದು ಸುಮಾ ಕೇಳಿದಳು. ಅತ್ತಿಯ ಬಳಿ ಅದಕ್ಕೂ ಉತ್ತರವಿತ್ತು. "ಇರಾನಿಯವ ಹಾಲ ಬ್ಯಾರೆ, ಡಿಕಾಕ್ಷನ್ ಬ್ಯಾರೆ ಇಡತಾನ. ಇಡೀ ಹೈದರಾಬಾದ್ ಕುಡೀತೈತಿ. ನಿಮಗ ಏನ್ ಧಾಡಿ?"

ಮಾರನೆಯ ದಿನ ಬೆಳಕು ಹರಿಯುವ ಮುಂಚೆ ಆ ಗದ್ದಲಕ್ಕೆ ಎಚ್ಚರವಾಯಿತು. ಸದ್ದಾಗದಂತೆ ಎದ್ದು ಹೋಗಿ ಅಡುಗೆಮನೆಯ ಬಾಗಿಲಲ್ಲಿ ನಿಂತೆ. ದೀಪ ಹಾಕಿರಲಿಲ್ಲ, ಅವಳಿಗೇಕೆ ದೀಪ? ಕಿಟಕಿಯಿಂದ ಬಂದ ಬೂದು ಬೆಳಕಿನಲ್ಲಿ ಅತ್ತಿಯ ಕೈಗಳು ಮಾತ್ರ ಕಾಣುತ್ತಿದ್ದವು. ಕೆಟ್ಲಿ ಚೀರಿ ಸುಮ್ಮನಾಯಿತು. ಪುಡಿ ಹಾಕಿಟ್ಟ ಗಿಂಡಿಗೆ ನೀರು ಸುರಿದು ಮುಚ್ಚಿದಳು. ಉಳಿದ ನೀರನ್ನು ಬೋಗುಣಿಗೆ ಹೊಯ್ದು, ಅದರಲ್ಲಿ ಹಾಲಿನ ಲೋಟ ಇಟ್ಟಳು, ಬೆಚ್ಚಗಾಗಲೆಂದು. ಆಮೇಲೆ ಡಿಕಾಕ್ಷನ್ನು ಸೋಸಿದಳು. ಕಪ್ಪಿಗೆ ಬೀಳುವ ಧಾರೆಯ ಸದ್ದು ಮೊದಲು ದಪ್ಪಗಿತ್ತು, ತುಂಬಿದಂತೆಲ್ಲ ಸಣ್ಣದಾಗುತ್ತ ಬಂತು. ಅವಳು ಅದನ್ನೇ ಕೇಳುತ್ತಿದ್ದಳು. ಹಾಲಿಗೆ ಜಾಗ ಉಳಿಸಿ ಕೈ ನಿಂತಿತು. ಹಾಲು ಬಿತ್ತು, ಕಂಠಕ್ಕೆ ಬೆರಳಷ್ಟು ಕೆಳಗೆ ಮತ್ತೆ ನಿಂತಿತು. ಒಂದು ಹನಿ ಕಟ್ಟೆಗೆ ಬೀಳಲಿಲ್ಲ. ದೇವರ ಗುಡಿಯಲ್ಲೂ ನನಗೆ ಹಾಗೆ ಮೈ ಜುಮ್ಮೆಂದಿಲ್ಲ. ಉಸಿರು ಬಿಗಿಹಿಡಿದು ನಿಂತಿದ್ದೆ. ಯಾವಾಗಲೋ ಅದನ್ನು ಬಿಟ್ಟಿರಬೇಕು.

"ಬಾಗಲದಾಗ ಯಾಕ ನಿಂತಿ ತಮ್ಮಾ?" ಎಂದಳು ಅತ್ತಿ, ತಿರುಗದೆ. "ಇನ್ನೊಂದ ಕಪ್ಪ ತಗೋ."

ಉಸಿರಿನ ಮೇಲೆ ಸುದ್ದಿ ತಿಳಿಯುತ್ತಿತ್ತು ಎಂದದ್ದು ಬಡಾಯಿಯಲ್ಲ ಎಂದು ಅವತ್ತು ಗೊತ್ತಾಯಿತು. ನನಗಾಗಿ ಅವಳು ಮತ್ತೆ ನೀರಿಟ್ಟಳು. ನನ್ನ ಕೈ ಹಿಡಿದೆಳೆದು ಅಂಗೈಯನ್ನು ಕೆಟ್ಲಿಯ ಪಕ್ಕ ಕಟ್ಟೆಯ ಮೇಲಿಟ್ಟು, ಮೇಲೆ ತನ್ನ ಕೈ ಇಟ್ಟಳು. ಕಲ್ಲಿನೊಳಗಿಂದ ಸಣ್ಣ ನಡುಕ ಏಳುತ್ತಿತ್ತು.

"ಬರೇ ಕಿವಿಲೆ ಕೇಳೂದಲ್ಲೋ. ಎಕ್ಸ್‌ಚೇಂಜಿನ್ಯಾಗ ಮಂದಿ ಗದ್ದಲ ಭಾಳಾದರ ನಾ ಟೇಬಲ್ ಮ್ಯಾಲ ಕೈ ಇಟ್ಟಿರತಿದ್ದೆ. ಕೈಗೂ ಕೇಳತೈತಿ."

ಆ ದಿನ ಬಸಿಯ ಸುರ್ ಸದ್ದು ಮನೆಗೆ ಮರಳಿ ಬಂತು. ಕೊನೆಯವರೆಗೂ ತನ್ನ ಮೊದಲ ಚಹಾವನ್ನು ಅವಳೇ ಮಾಡಿಕೊಂಡಳು. ಅವಳು ಹೋದ ಮರುದಿನದ ಬೆಳಿಗ್ಗೆ ನಮಗೆ ಎಚ್ಚರವೇ ಆಗಲಿಲ್ಲ, ಹೊತ್ತೇರುವವರೆಗೆ ಮಲಗಿಬಿಟ್ಟಿದ್ದೆವು.

ಇಷ್ಟು ಹೇಳುವಷ್ಟರಲ್ಲಿ ಸಂಜೆಯೂ ಆಯಿತು. ಸುಮಾ ಚಪ್ಪಲಿ ಮೆಟ್ಟಿ, ಕೈಚೀಲ ಹಿಡಿದು ನಿಂತಿದ್ದಾಳೆ. "ನಡೀರಿ, ಅಂಗಡಿ ಮುಚ್ಚತಾವ." ಒಂದು ನಿಮಿಷ ಎಂದು ಕೈಸನ್ನೆ ಮಾಡಿ ನಾನು ಅಡುಗೆಮನೆಗೆ ಹೋದೆ. ಕೆಟ್ಲಿಗೆ ನೀರು ತುಂಬಿ ಗುಂಡಿ ಒತ್ತಿದೆ. ಕಟ್ಟೆಯ ಮೇಲೆ ಅಂಗೈ ಊರಿ ಕಣ್ಣು ಮುಚ್ಚಿದೆ.

ಮೊದಲು ಏನೂ ಇಲ್ಲ. ತಣ್ಣನೆಯ ಕಲ್ಲು. ಆಮೇಲೆ ಎಲ್ಲೋ ಆಳದಲ್ಲಿ ಒಂದು ಜುಮುಜುಮು. ಅದು ಬೆರಳಿಗೆ ಬಂತು, ಮಣಿಕಟ್ಟಿಗೆ ಏರಿತು, ಇಡೀ ಅಂಗೈ ತುಂಬ ಗದ್ದಲವೋ ಗದ್ದಲ. ಎಷ್ಟೋ ವರ್ಷಗಳಿಂದ ಇಷ್ಟೊಂದು ಸದ್ದು ನಾನು ಕೇಳಿರಲಿಲ್ಲ. ನನ್ನ ಕೈಯ ಮೇಲೆ ಇನ್ನೊಂದು ಕೈ ಇದೆ ಎನಿಸಿತು. ಆಮೇಲೆ ಒಮ್ಮೆಲೇ ನಡುಕ ತಗ್ಗಿತು.

ನಾನು ಬೆರಳೆತ್ತಿದೆ. ಕಲ್ಲಿನಲ್ಲಿ ಚಿಕ್ಕದೊಂದು ಪೆಟ್ಟು ಬಿತ್ತು. ಕಣ್ಣು ತೆರೆದರೆ ಸುಮಾ ಬಾಗಿಲಲ್ಲಿ ನಿಂತು ನನ್ನನ್ನೇ ನೋಡುತ್ತಿದ್ದಳು.

"ಈಗ ಟಕ್ ಅಂತಲ್ಲ?" ಎಂದೆ.

ಅವಳು ಹೌದೆಂದು ತಲೆಯಾಡಿಸಿ, ಚಪ್ಪಲಿ ಕಳಚಿ, ಕೈಚೀಲವನ್ನು ಮೊಳೆಗೆ ಸಿಕ್ಕಿಸಿದಳು.

"ಬಾಗಲದಾಗ ಯಾಕ ನಿಂತಿ?" ಎಂದೆ. "ಇನ್ನೊಂದ ಕಪ್ಪ ತಗೋ."