ಪಡುವಣ ಗೋಡೆಗೆ ತಂದ ಬೆಟ್ಟ

ಪೆರೇಸಂದ್ರದ ಹತ್ತಿರದ ಹಳ್ಳಿಯಲ್ಲಿದ್ದ ನಮ್ಮ ಹಳೆಯ ಮನೆಯಲ್ಲಿ ಕರೆಂಟು ಎಲ್ಲಿ ಓಡಾಡುತ್ತದೆ ಎಂಬುದು ಕಣ್ಣಿಗೆ ಕಾಣುತ್ತಿತ್ತು. ಮರದ ಪಟ್ಟಿಗೆ ತಗಡಿನ ಕ್ಲಿಪ್ಪು ಹೊಡೆದು, ಅದರೊಳಗೆ ವೈರು ಕೂರಿಸಿದ್ದರು. ಅದು ಗೋಡೆಯುದ್ದಕ್ಕೂ ಹೋಗಿ, ತೊಲೆಯನ್ನು ಬಳಸಿ ಬಲ್ಬು ಸೇರುತ್ತಿತ್ತು. ದೇವರ ಪಟಕ್ಕೆ ಮೊಳೆ ಹೊಡೆಯುವಾಗ ಅಪ್ಪ ಆ ಪಟ್ಟಿಯಿಂದ ಒಂದು ಗೇಣು ಬಿಟ್ಟು ಹೊಡೆಯುತ್ತಿದ್ದರು. ಅಷ್ಟು ಎಚ್ಚರ ಸಾಕಿತ್ತು.

ತೊಂಬತ್ತರ ದಶಕದ ಮೊದಲಲ್ಲಿ ಅಣ್ಣ ಶಿಡ್ಲಘಟ್ಟದಲ್ಲಿ ಮನೆ ಕಟ್ಟಿಸಿದ. ಅಪ್ಪ ಅಷ್ಟರಲ್ಲಿ ತೀರಿಕೊಂಡಿದ್ದರು. ನಾನು ಚಿಕ್ಕಬಳ್ಳಾಪುರದಲ್ಲಿ ಬಿ.ಎಸ್ಸಿ. ಮುಗಿಸಿ, ಕೆಲಸಕ್ಕೆ ಅರ್ಜಿ ಹಾಕುತ್ತ ಅಮ್ಮ, ಅಣ್ಣ, ಅತ್ತಿಗೆಯ ಜೊತೆ ಅಲ್ಲೇ ಇದ್ದೆ. ಹೊಸ ಮನೆಯ ಗೋಡೆಗಳಲ್ಲಿ ಒಂದು ವೈರೂ ಕಾಣುತ್ತಿರಲಿಲ್ಲ. ಎಲ್ಲ ಗಾರೆಯೊಳಗಿನ ಪೈಪಿನಲ್ಲಿ. ಗೃಹಪ್ರವೇಶಕ್ಕೆ ಬಂದ ನೆಂಟರೆಲ್ಲ ಗೋಡೆ ಸವರಿ ನೋಡಿ, "ಎಷ್ಟು ನುಣುಪಾಗಿದೆ, ನೋಡ್ರೀ!" ಎಂದು ಹೊಗಳಿದ್ದರು.

ಆ ನುಣುಪು ಗೋಡೆಗೆ ಒಂದು ಚಿತ್ರ ಬೇಕೆಂದಳು ಅತ್ತಿಗೆ. ನಮ್ಮ ಕಡೆ ಮನೆಯ ಗೋಡೆಗೆ ಏರುತ್ತಿದ್ದುದು ದೇವರು, ಕ್ಯಾಲೆಂಡರು, ಇಲ್ಲವೇ ತೀರಿಕೊಂಡವರು. ಇದು ಮೂರೂ ಅಲ್ಲದ ಪಟ ಎಂದಾಗ ಅಮ್ಮನಿಗೆ ಅರ್ಥವೇ ಆಗಲಿಲ್ಲ.

"ಅದಕ್ಕೆ ಕೈ ಮುಗಿಯಾದಾ ಬೇಡ್ವಾ?"

"ಬೇಡ ಅತ್ತೆ. ಸುಮ್ನೆ ನೋಡಾದು."

"ನೋಡಿ?"

"ನೋಡಿ... ಅಷ್ಟೇ," ಎಂದು ಅತ್ತಿಗೆ ನಕ್ಕುಬಿಟ್ಟಳು.

ಅವಳ ತವರು ಚಿಂತಾಮಣಿಯ ಪಕ್ಕದ ಹಳ್ಳಿ. ಒಂದು ಭಾನುವಾರ ಅಲ್ಲಿಗೆ ಹೋಗಿ ಬರುವಾಗ ಚಿಂತಾಮಣಿಯಲ್ಲಿ ಬಸ್ಸಿಳಿದು, ಅಣ್ಣ, ಅತ್ತಿಗೆ, ನಾನು ಮೂವರೂ ಪಟಗಳಿಗೆ ಕಟ್ಟು ಹಾಕುವ ಸಾಬರ ಅಂಗಡಿಗೆ ಹೋದೆವು. ಫೋಟೊ ಸ್ಟುಡಿಯೋದ ಮಗ್ಗುಲಲ್ಲೇ ಇದ್ದ ಸಣ್ಣ ಅಂಗಡಿ. ಸಾಬರು ಒಂದೊಂದಾಗಿ ಚಿತ್ರ ಎತ್ತಿ ತೋರಿಸಿದರು. ತುಟಿಗೆ ಬೆರಳಿಟ್ಟ ದುಂಡು ಮಗು, ಓಡುವ ಕುದುರೆಗಳು, ಹಿಮದ ನಡುವಿನ ಕೆಂಪು ಹೆಂಚಿನ ಮನೆ, ನೊರೆ ಉಕ್ಕುವ ಜಲಪಾತ. ಅತ್ತಿಗೆ ಎಲ್ಲಕ್ಕೂ ಬೇಡವೆಂದು ತಲೆಯಾಡಿಸಿದಳು.

"ದೇವ್ರೂ ಬೇಡ, ಮಗೂನೂ ಬೇಡ, ಕುದ್ರೆನೂ ಬೇಡ ಅಂದ್ರೆ ಅಂಗಡೀಲಿ ಉಳಿದಿರೋದು ನಾನೊಬ್ನೇ ಅಮ್ಮಾ," ಎಂದರು ಸಾಬರು.

"ನಿಮ್ಮನ್ನ ಗೋಡೆಗೆ ಹಾಕಿದ್ರೆ ಹೊತ್ತೊತ್ತಿಗೆ ಟೀ ಕೊಡ್ಬೇಕಲ್ಲಾ ಸಾಬ್ರೇ!"

ಅವರು ನಗುತ್ತ ಒಳಗೆ ಹೋಗಿ, ಹಳೆಯ ಗಾಜುಗಳ ಹಿಂದಿನಿಂದ ಒಂದು ಚಿತ್ರ ತಂದರು. ಆ ಊರಲ್ಲಿದ್ದ ಡ್ರಾಯಿಂಗ್ ಮೇಷ್ಟ್ರೊಬ್ಬರು ಗೌರಿಬಿದನೂರಿಗೆ ವರ್ಗವಾಗಿ ಹೋಗುವಾಗ ಬಿಟ್ಟು ಹೋಗಿದ್ದಂತೆ. ಮುಂದೆ ಹಿಪ್ಪುನೇರಳೆ ತೋಟ, ಹಿಂದೆ ಬಂಡೆಗಳ ಬೆಟ್ಟ. ಅಂಬಾಜಿದುರ್ಗ. ಅದೂ ಊರಿಂದ ಕಾಣುವ ಹಾಗಲ್ಲ, ಅತ್ತಿಗೆಯ ತವರಿನ ಹಿತ್ತಲಿನಿಂದ ಕಾಣುವ ಹಾಗೆ. ಸಂತೋಷವಾದರೆ ಅವಳ ಬಾಯಲ್ಲಿ ತೆಲುಗು ಬರುತ್ತಿತ್ತು. "ಚೂಡು, ಚೂಡು!" ಎಂದು ನನ್ನ ತೋಳು ಹಿಡಿದೆಳೆದಳು. "ಇಲ್ಲೇ ಕಣಮ್ಮಾ ನಮ್ಮ ಹಿತ್ಲು. ಇಲ್ಲಿ ನಿಂತ್ಕೊಂಡೇ ನಾನು ಪಾತ್ರೆ ಬೆಳಗ್ತಿದ್ದಿದ್ದು."

ಮದುವೆಯಾಗಿ ಬಂದಮೇಲೆ ಆ ಬೆಟ್ಟ ಕಾಣುವುದಿಲ್ಲವೆಂದು ಅವಳು ಯಾವತ್ತೂ ಗೋಳಾಡಿದವಳಲ್ಲ. ಅವಳಿಗೆ ಏನು ಬೇಕಾಗಿತ್ತು ಎಂಬುದು ನಮಗೆ ಗೊತ್ತಾದದ್ದು ಅವತ್ತೇ.

ಮರದ ಕಟ್ಟು ಹಾಕುತ್ತೇನೆಂದರು ಸಾಬರು. ಅಣ್ಣ ಬೇಡವೆಂದ. ಹಳೆಯ ಮನೆಯಲ್ಲಿ ತಾತನ ಫೋಟೊದ ಕಟ್ಟನ್ನು ಗೆದ್ದಲು ತಿಂದು, ತಾತನ ರುಮಾಲಿನವರೆಗೂ ಬಂದಿತ್ತು. ಹಾಗಾಗಿ ಆಗಿನ ಕಾಲಕ್ಕೆ ಹೊಸದಾಗಿದ್ದ, ಫಳಫಳ ಹೊಳೆಯುವ ಅಲ್ಯೂಮಿನಿಯಂ ಕಟ್ಟು ಹಾಕಿಸಿದೆವು. ಹಿಂದೆ ಎರಡು ಕೊಂಡಿ, ನೇತುಹಾಕಲು ತಂತಿ.

ಮನೆಗೆ ತಂದಮೇಲೆ ಎಲ್ಲಿ ಹಾಕುವುದೆಂಬ ಚರ್ಚೆ. ಅಮ್ಮ ನಡುಮನೆಯಲ್ಲಿ ನಿಂತು ತೀರ್ಮಾನ ಹೇಳಿದಳು. "ಪೂರ್ವಕ್ಕೆ ದೇವ್ರಿದಾವೆ, ಅಲ್ಲಿ ಬೇಡ. ದಕ್ಷಿಣದ ಗೋಡೆ ನಿಮ್ಮಪ್ಪಂದು. ಬದುಕಿರೋರು ಆಸೆಪಟ್ಟು ತಂದಿದ್ದನ್ನ ಸತ್ತೋರ ಪಕ್ಕ ಹಾಕ್ತಾರೇನಪ್ಪಾ?" ಉತ್ತರದಲ್ಲಿ ತಲೆಬಾಗಿಲು, ಕಿಟಕಿಗಳು. ಉಳಿದದ್ದು ಪಡುವಣ ಗೋಡೆ. ಅಲ್ಲಿ ಕೋಣೆಯ ಬಾಗಿಲು, ಬಾಗಿಲ ಪಕ್ಕ ಸ್ವಿಚ್ ಬೋರ್ಡು, ಅದರ ಮೇಲೆ ಬೋಳು ಜಾಗ.

ಅಣ್ಣ ಅಂಗೈಯಿಂದ ಆ ಜಾಗವನ್ನು ಸವರಿ ನೋಡಿದ. ಪಟ್ಟಿ ಇಲ್ಲ, ವೈರಿಲ್ಲ. "ಇಲ್ಲಿ ಗೋಡೆ ಖಾಲಿ ಇದೆ," ಎಂದ. ಬೇಸಿಗೆಯ ಮಧ್ಯಾಹ್ನಗಳಲ್ಲಿ ಕರೆಂಟು ತೆಗೆಯುತ್ತಿದ್ದ ದಿನಗಳು ಅವು, ಆಗಲೂ ಇರಲಿಲ್ಲ. ಸುತ್ತಿಗೆ ಹಿಡಿದು ಉದ್ದನೆಯ ಮೊಳೆ ಹೊಡೆದ. ಯಾರಿಗೂ ಏನೂ ಆಗಲಿಲ್ಲ. ಅತ್ತಿಗೆ ಹಿಂದೆ ಹಿಂದೆ ಹೆಜ್ಜೆಯಿಟ್ಟು, ಅಡುಗೆಮನೆಯ ಬಾಗಿಲಲ್ಲಿ ನಿಂತು, "ಇಲ್ಲಿಂದಾನೂ ಕಾಣ್ತದೆ," ಎಂದಳು.

ವಾರಗಳು ಕಳೆದವು. ಆ ಪಟವನ್ನು ಯಾರೂ ಮುಟ್ಟಲಿಲ್ಲ. ದೇವರ ಪಟವಾಗಿದ್ದರೆ ಅಮ್ಮ ದಿನಾ ಬೆಳಿಗ್ಗೆ ಸ್ನಾನ ಮಾಡಿದ ಒದ್ದೆ ಕೈಯಲ್ಲಿ ಒರೆಸಿ, ಕುಂಕುಮವಿಟ್ಟು, ಹೂ ಸಿಕ್ಕಿಸುತ್ತಿದ್ದಳು. ಹಾಗಿದ್ದರೆ ಮೊದಲ ಬೆಳಿಗ್ಗೆಯೇ ಗೊತ್ತಾಗಿಬಿಡುತ್ತಿತ್ತು ಎಂದು ಎಷ್ಟೋ ಸಲ ಅಂದುಕೊಂಡಿದ್ದೇನೆ. ಹಾಗೆ ಅಂದುಕೊಂಡಾಗಲೆಲ್ಲ, ಆಗ ಹೋಗುತ್ತಿದ್ದವಳು ಅಮ್ಮ ಎಂಬುದೂ ಹಿಂದೆಯೇ ಬರುತ್ತದೆ. ಎತ್ತ ತಿರುಗಿಸಿದರೂ ಆ ಮನೆಯಿಂದ ಎಲ್ಲರೂ ಬದುಕಿ ಹೊರಗೆ ಬರುವ ದಾರಿ ನನಗೆ ಇನ್ನೂ ಸಿಕ್ಕಿಲ್ಲ.

ಯುಗಾದಿಯ ಮುಂಚೆ ಮನೆ ತೊಳೆಯುತ್ತಿದ್ದೆವು. ಅಣ್ಣ ಆಫೀಸಿಗೆ ಹೋಗಿದ್ದ. ಅಮ್ಮ ಅಡುಗೆಮನೆಯ ಡಬ್ಬಿಗಳನ್ನು ಬೆಳಗುತ್ತಿದ್ದಳು. ನಾನು ಹೊಸಿಲ ಹೊರಗೆ ಚಾಪೆ ಕೊಡವುತ್ತಿದ್ದೆ. ನೆಲವೆಲ್ಲ ನೀರು. ಅತ್ತಿಗೆ ಕಬ್ಬಿಣದ ಕುರ್ಚಿಯ ಮೇಲೆ ಬರಿಗಾಲಲ್ಲಿ ಹತ್ತಿ, ಬಟ್ಟೆ ಹಿಂಡಿಕೊಂಡು ಬೆಟ್ಟದ ಗಾಜು ಒರೆಸಲು ಹೊರಟಳು. ಒಂದು ಕೈಯಲ್ಲಿ ಒದ್ದೆ ಬಟ್ಟೆ, ಇನ್ನೊಂದು ಕೈಯಲ್ಲಿ ಆ ಹೊಳೆಯುವ ಕಟ್ಟು.

ಅವಳು ಕೂಗಲಿಲ್ಲ. ಅದನ್ನು ಹೇಳಿದರೆ ಯಾರೂ ನಂಬುವುದಿಲ್ಲ. ಹಣೆಯನ್ನು ಪಟದ ಹತ್ತಿರಕ್ಕೆ ಒಯ್ದು ಸುಮ್ಮನೆ ನಿಂತಿದ್ದಳು. ಬೆಟ್ಟವನ್ನು ನೋಡುತ್ತಿದ್ದಾಳೆ ಎಂದುಕೊಂಡೆ. "ಅತ್ತಿಗೆ, ಆಮೇಲೆ ನೋಡೀರಂತೆ, ಬನ್ನಿ," ಎಂದೆ. ಆಗ ಅವಳ ಮೊಣಕೈ ಅದುರುತ್ತಿರುವುದು ಕಾಣಿಸಿತು. ಕುರ್ಚಿಯ ಕಾಲು ನೆಲದ ಮೇಲೆ ಕಟಕಟ ಎನ್ನುತ್ತಿತ್ತು.

ಆ ಸದ್ದಿಗೆ ಅಮ್ಮ ಒಳಗಿನಿಂದ ಬಂದಳು. ಕೈಯಿಂದ ನೀರು ತೊಟ್ಟಿಕ್ಕುತ್ತಿತ್ತು. "ಅಯ್ಯೋ ನನ್ನವ್ವಾ!" ಎಂದು ಸೊಸೆಯನ್ನು ತಬ್ಬಿ ಇಳಿಸಲು ಓಡಿದಳು. ಕರೆಂಟು ಹಿಡಿದವರನ್ನು ಮುಟ್ಟಬಾರದು, ಮೊದಲು ಮೇನ್ ಆರಿಸಬೇಕು ಎಂದು ಕಾಲೇಜಿನ ಲ್ಯಾಬಿನಲ್ಲಿ ಹೇಳಿಕೊಟ್ಟಿದ್ದರು. ಮೇನ್ ಸ್ವಿಚ್ಚು ಇದ್ದದ್ದು ಹೊರಗೆ, ನನ್ನ ಬೆನ್ನಿಗೆ. ಅಮ್ಮ ಇದ್ದದ್ದು ಒಳಗೆ, ನನ್ನ ಮುಂದೆ. ನಾನು ಒಳಗೆ ನುಗ್ಗಿ ಅಮ್ಮನ ಸೆರಗು ಹಿಡಿದು ಎಳೆದು ನೆಲಕ್ಕೆ ಕೆಡವಿದೆ. "ಬಿಡೇ, ಬಿಡೇ, ಸಾಯ್ತಾಳೆ ಕಣೇ!" ಎಂದು ಅಮ್ಮ ನನ್ನನ್ನು ಒದೆಯುತ್ತಿದ್ದಳು. ಅವಳನ್ನು ಅಡುಗೆಮನೆಗೆ ದಬ್ಬಿ, ಅಗುಳಿ ಹಾಕಿ, ಹೊರಗೆ ಓಡಿ ಮೇನ್ ಆರಿಸಿದೆ. ಒಳಗೆ ಏನೋ ಬಿದ್ದ ಸದ್ದಾಯಿತು.

ಎದುರುಮನೆಯವರು ರೇಷ್ಮೆಗೂಡು ಸಾಗಿಸುವ ಮೆಟಡೋರಿನಲ್ಲಿ ಆಸ್ಪತ್ರೆಗೆ ಕರೆದೊಯ್ದರು. ಅಲ್ಲಿ ಡಾಕ್ಟರು ನಾಡಿ ಹಿಡಿದು ನೋಡಿದ್ದು ನಮ್ಮ ಸಮಾಧಾನಕ್ಕೆ.

ಆಮೇಲೆ ವೈರಿಂಗಿನವರು ಬಂದು ಗಾರೆ ಕೆತ್ತಿ ತೋರಿಸಿದರು. ಪೈಪು ಸ್ವಿಚ್ ಬೋರ್ಡಿನಿಂದ ನೆಟ್ಟಗೆ ಮೇಲಕ್ಕೆ ಹೋಗಿತ್ತು. ಅಣ್ಣನ ಮೊಳೆ ಅದನ್ನು ತೂರಿ ವೈರಿಗೆ ನಾಟಿತ್ತು. ಮೊಳೆಯಿಂದ ತಂತಿಗೆ, ತಂತಿಯಿಂದ ಕಟ್ಟಿಗೆ ಕರೆಂಟು ಬಂದು ಅಷ್ಟು ದಿನವೂ ಅಲ್ಲೇ ಕಾದಿತ್ತು. ಕೆತ್ತಿದ ಗೋಡೆಯನ್ನು ಅಣ್ಣ ನೋಡುತ್ತ ನಿಂತ.

ತಿಥಿಗೆ ಫೋಟೊ ಬೇಕಿತ್ತು. ಮದುವೆಗೆ ಮುಂಚೆ, ಗಂಡಿನ ಕಡೆಯವರಿಗೆ ಕಳಿಸಲೆಂದು ಚಿಂತಾಮಣಿಯ ಸ್ಟುಡಿಯೋದಲ್ಲಿ ತೆಗೆಸಿದ್ದೊಂದೇ ಅವಳು ಒಬ್ಬಳೇ ಇದ್ದ ಫೋಟೊ. ನೆಗೆಟಿವ್ ಅಲ್ಲಿತ್ತು. ದೊಡ್ಡದು ಮಾಡಿಸಿಕೊಂಡು ಅಣ್ಣ ಮತ್ತು ನಾನು ಮಗ್ಗುಲ ಅಂಗಡಿಗೆ ಹೋದೆವು.

"ಬನ್ನಿ ಸಾರ್, ಬನ್ನಿ ಅಮ್ಮಾ," ಎಂದರು ಸಾಬರು. "ಎಲ್ಲಿ, ಬೆಟ್ಟದಮ್ಮ ಬರ್ಲಿಲ್ವಾ? ಟೀ ಕೊಡಬೇಕಾಗ್ತದೆ ಅಂತ ಹೆದ್ರುಕೊಂಡ್ರಾ?"

ಅಣ್ಣ ಫೋಟೊವನ್ನು ಮೇಜಿನ ಮೇಲಿಟ್ಟ. ಸಾಬರು ಅದನ್ನು ನೋಡಿದರು, ಅಣ್ಣನ ಬೋಳಿಸಿದ ತಲೆಯನ್ನು ನೋಡಿದರು. "ಯಾ ಅಲ್ಲಾ," ಎಂದು ಕೂತುಬಿಟ್ಟರು. ಫೋಟೊವನ್ನು ಕೈಗೆತ್ತಿಕೊಂಡಾಗ, ದಿನಾ ಎಲ್ಲರನ್ನೂ ಕೇಳುವ ಮಾತು ಅಭ್ಯಾಸಬಲದಿಂದ ಹೊರಬಂತು. "ಕಟ್ಟು... ಯಾವುದು ಹಾಕ್ಲಿ ಸಾರ್?" ಅಣ್ಣ ಎದ್ದು ರಸ್ತೆಗೆ ಹೋದ. ಮರದ್ದು ಹಾಕಿ ಎಂದು ನಾನೇ ಹೇಳಿದೆ.

ಆ ಫೋಟೊ ದಕ್ಷಿಣದ ಗೋಡೆಯ ಮೇಲೆ, ಅಪ್ಪನ ಪಕ್ಕದಲ್ಲಿ ಇರಬೇಕಾಗಿತ್ತು. ಮೊಳೆ ಹೊಡೆಯುವವರು ಯಾರು? ಅದೇ ಗೋಡೆಯ ಕೆಳಗೆ, ಒಂದು ಮಣೆಯ ಮೇಲೆ ಒರಗಿಸಿ ಇಟ್ಟೆವು. ಹಾರ ನೆಲಕ್ಕೆ ತಾಗುತ್ತಿತ್ತು. ಅಪ್ಪ ಮೇಲೆ, ಅವಳು ಕೆಳಗೆ. ಬಂದವರು ಅವಳನ್ನು ನೋಡಲು ಕುಕ್ಕರುಗಾಲಲ್ಲಿ ಕೂರಬೇಕಾಗುತ್ತಿತ್ತು. ಬೆಟ್ಟದ ಪಟವನ್ನು ಮನೆಯಲ್ಲಿಡಬೇಡವೆಂದು ಅಮ್ಮ ಅತ್ತಳು. ಅಣ್ಣ ಅದನ್ನು ದುಪ್ಪಟಿಯಲ್ಲಿ ಸುತ್ತಿ ಅಟ್ಟಕ್ಕೆ ಹಾಕಿದ. ಗೌರಿಬಿದನೂರಿಗೆ ವರ್ಗವಾದಾಗ ಹಾಗೆಯೇ ಲಾರಿಗೆ ಏರಿಸಿಕೊಂಡು ಹೋದ. ಬಿಚ್ಚಿ ನೋಡಿದನೋ ಇಲ್ಲವೋ ಗೊತ್ತಿಲ್ಲ. ಅವನನ್ನು ಕೇಳುವ ಧೈರ್ಯ ನನಗೆ ಬರಲಿಲ್ಲ.

ಈಗ ಚಿಕ್ಕಬಳ್ಳಾಪುರದಲ್ಲಿ ನನ್ನದೇ ಮನೆಯಿದೆ. ದೇವರೂ ಗೂಡಿನಲ್ಲಿ ಕೂತಿದ್ದಾನೆ, ಗೋಡೆಯ ಮೇಲಿಲ್ಲ. ಬಂದವರು ಸುತ್ತ ಕಣ್ಣಾಡಿಸಿ, ಒಂದು ಒಳ್ಳೆಯ ಚಿತ್ರ ತಂದು ಹಾಕಬಾರದೇ, ಗೋಡೆಗಳೆಲ್ಲ ಖಾಲಿ ಇವೆಯಲ್ಲ ಎನ್ನುತ್ತಾರೆ. ನಾನು ಕಾಫಿ ತರಲು ಎದ್ದುಹೋಗುತ್ತೇನೆ. ಖಾಲಿ ಇದೆ ಎಂದು ಅಣ್ಣನೂ ಅವತ್ತು ಅಂಗೈಯಿಂದ ಸವರಿ ನೋಡಿಯೇ ಹೇಳಿದ್ದ.