ನರಸಿಂಹ ನಮ್ಮ ಯಜಮಾನರಿಗೆ ದನಿ ಕೊಟ್ಟ ದಿನ

ಭಕ್ತಬಂಧುಗಳಿಗೆಲ್ಲ ಈ ಪರದೇಶದ ಮೆಡೋವೇಲಿನಿಂದ ನಮಸ್ಕಾರ. ಸಿಟ್ಟು ಇಳಿದ ಮೇಲೆ ಬರೆಯೋಣವೆಂದಿದ್ದೆ. ಇಳಿಯುವ ಹಾಗೆ ಕಾಣಲಿಲ್ಲ, ಬರೆಯುತ್ತಿದ್ದೇನೆ.

೧೯೯೭ರ ಚಳಿಗಾಲದ ಹೊತ್ತಿಗೆ ನಮ್ಮ ಯಜಮಾನರ ಎಡ ಸೊಂಟದ ಕೀಲು ಪೂರ್ತಿ ಸವೆದಿತ್ತು. ಬೇರೆ ಕೀಲು ಹಾಕಬೇಕೆಂದು ಡಾಕ್ಟರು ಬರೆದುಕೊಟ್ಟು ವರ್ಷ ದಾಟಿತ್ತು. ಇಲ್ಲಿನ ಸರ್ಕಾರಕ್ಕೋ ಖರ್ಚು ಇಳಿಸುವ ಹುಚ್ಚು. ಆಸ್ಪತ್ರೆಗಳಲ್ಲಿ ಹಾಸಿಗೆಗಳನ್ನು ತೆಗೆದರು, ನರ್ಸುಗಳನ್ನು ಮನೆಗೆ ಕಳಿಸಿದರು, ಅದಕ್ಕೆ ಸುಧಾರಣೆ ಎಂದು ಹೆಸರಿಟ್ಟರು. ನೆಗಡಿ ಬಂತೆಂದು ಮೂಗು ಕೊಯ್ದುಕೊಂಡ ಹಾಗೆ. ಉಳಿದ ಹಾಸಿಗೆಗೆ ಉದ್ದದ ಸಾಲು. ಸಾಲಿನಲ್ಲಿ ಯಾರು ಮುಂದೆ ಎಂದು ತೀರ್ಮಾನಿಸಲು ಆಸ್ಪತ್ರೆಯ ಹೆಂಗಸೊಬ್ಬಳು, ಹತ್ತಕ್ಕೆ ನೋವು ಎಷ್ಟು ಎಂದು ಕೇಳಿ ಬರೆದುಕೊಳ್ಳುತ್ತಿದ್ದಳು.

ನಮ್ಮವರು ಮೈಸೂರಿನವರು, ನಿವೃತ್ತ ಎಂಜಿನಿಯರು. ಪರರ ಮುಂದೆ ನೋವು ತೋಡಿಕೊಂಡವರೇ ಅಲ್ಲ. ಬಚ್ಚಲಲ್ಲಿ ಟವೆಲು ಕಚ್ಚಿಕೊಂಡು ಕಾಲೆತ್ತುವ ಮನುಷ್ಯ, ಆಕೆ ಕೇಳಿದರೆ ನಕ್ಕು, "ನಾಟ್ ಬ್ಯಾಡ್ ಮೇಡಂ. ಟೂ" ಎಂದರು. ಎರಡು ಸಲ ಕರೆಸಿದರು, ಎರಡು ಸಲವೂ ಅದೇ ಉತ್ತರ. ಎರಡು ಸಲವೂ ಸಾಲಿನಲ್ಲಿ ಹಿಂದೆ ಬಿದ್ದೆವು.

"ಏನ್ರೀ, ಎರಡು ಅಂದ್ರಲ್ಲ! ಬುದ್ಧಿ ಇದೆಯಾ ನಿಮಗೆ?" ಬಸ್ ಸ್ಟಾಪಿನಲ್ಲೇ ಜಗಳ ತೆಗೆದೆ.

"ಅವಳ ಮುಂದೆ ಅಳೋಕಾಗತ್ತೇನೆ? ನನಗಿಂತ ಕಷ್ಟದಲ್ಲಿರೋರು ಇರ್ತಾರೆ."

ಬಸ್ಸು ಬಂತು. ಮೆಟ್ಟಿಲು ಹತ್ತಲು ಅವರಿಂದ ಆಗಲಿಲ್ಲ. ಡ್ರೈವರ್ ಸ್ವಲ್ಪ ಕಾದು ಬಾಗಿಲು ಹಾಕಿಕೊಂಡು ಹೋದ. ಈ ಮನುಷ್ಯ ಇನ್ನು ನಡೆಯುವುದಿಲ್ಲ ಅನ್ನಿಸಿತು.

ಮನೆಗೆ ಬಂದು ಮನೆದೇವರು ಲಕ್ಷ್ಮೀನರಸಿಂಹನ ಪಟದ ಮುಂದೆ ಕೂತೆ. ಬೇಡಿಕೊಳ್ಳಲಿಲ್ಲ, ಬೈದೆ. "ಒಂದು ಮಗು ಕರೆದದ್ದಕ್ಕೆ ಕಂಬ ಸೀಳಿಕೊಂಡು ಬಂದೆ. ಆ ಘರ್ಜನೆಯಲ್ಲಿ ಒಂದು ಚೂರು ಇವರಿಗೆ ಕೊಟ್ರೆ ನಿನ್ನ ಗಂಟೇನು ಹೋಗತ್ತೆ?" ನಲವತ್ತೆಂಟು ದಿನ ಪಾನಕ ನೈವೇದ್ಯ ಮಾಡಿದೆ.

ಮೂರನೇ ಸಲ ಕರೆ ಬಂತು. ಆಕೆ ತಲೆಯೆತ್ತದೆ ಕೇಳಿದಳು. ಇವರು ಮತ್ತೆ "ಟೂ" ಎಂದರು. ನನಗೆ ದೇವರ ಮೇಲಿನ ನಂಬಿಕೆಯೇ ಹೋಯಿತು. ಹಾಗಾದರೆ ಮುಂದಿನ ವರ್ಷ ನೋಡೋಣ ಎಂದಳು ಆಕೆ. ಇವರು ಏಳಲು ಹೋದರು, ಕಾಲು ಹಿಡಿದುಕೊಂಡಿತು. ಆಗ ಹೊರಟಿತು ನೋಡಿ ಒಂದು ಕೂಗು! ಮೂವತ್ತೊಂದು ವರ್ಷದ ಸಂಸಾರದಲ್ಲಿ ಆ ದನಿಯನ್ನು ನಾನು ಕೇಳಿರಲಿಲ್ಲ.

"ಟೆನ್! ಬರ್ಕೊಳ್ರೀ, ಟೆನ್! ಸಾಯ್ತಾ ಇದೀನಿ ನಾನು!" ಮೇಜು ಗುದ್ದಿ, ಆಕೆಗೆ ಕನ್ನಡ ಬರುವುದಿಲ್ಲ ಎಂಬುದನ್ನೂ ಮರೆತು ಗುಡುಗಿದರು. ಪಕ್ಕದ ಕೋಣೆಯಿಂದ ಸರ್ಜನ್ ಓಡಿ ಬಂದರು. ಕಾಲನ್ನು ಮುಟ್ಟಿ ನೋಡಿ, ಆಕೆಯ ಕಾಗದ ತೆಗೆದುಕೊಂಡು ತಾವೇ ತಿದ್ದಿದರು. ಆರನೇ ವಾರಕ್ಕೆ ಆಪರೇಷನ್ ಆಯಿತು.

ಈಗ ಅವರು ಕೋಲಿಲ್ಲದೆ ಪ್ರದಕ್ಷಿಣೆ ಹಾಕುತ್ತಾರೆ. ಕೃಪೆ ನರಸಿಂಹನದು, ಅವನ ಪಾದಕ್ಕೆ ಕೋಟಿ ನಮಸ್ಕಾರ. ಖರ್ಚು ಉಳಿಸಿದವರನ್ನು ನಾನಂತೂ ಕ್ಷಮಿಸುವುದಿಲ್ಲ. ಬೇಕಾದರೆ ಅವನು ಕ್ಷಮಿಸಲಿ.

ಆ ದಿನ ನಾವು ಹೊರಡುವಾಗ ನಮ್ಮ ನಂತರದ ಸರದಿ ಒಬ್ಬ ಬಿಳಿಯ ಮುದುಕಿಯದು. ಒಂಟಿ ಹೆಂಗಸು. ಕುರ್ಚಿಯ ಕೈ ಬಿಗಿಯಾಗಿ ಹಿಡಿದುಕೊಂಡು, ನಗುತ್ತಾ, "ತ್ರೀ, ಡಿಯರ್" ಎಂದದ್ದು ನನಗೆ ಕೇಳಿಸಿತು. ಆಕೆಯ ಹೆಸರು ಗೊತ್ತಿಲ್ಲ. ಈಗ ದಿನವೂ ಆಕೆಯ ಪರವಾಗಿ ನರಸಿಂಹನ ಜೊತೆ ಜಗಳವಾಡುತ್ತೇನೆ. ಅವನಿಗೆ ಕೇಳಿಸುತ್ತದೆ.